ಜಪಾನಿನ ಶಿಂಕಾನ್‌ಸೆನ್ ಪ್ರಯಾಣ: ಪಾಸು ಲಾಭವೋ, ಬಿಡಿ ಟಿಕೆಟು ಲಾಭವೋ?

ಶಿಗ್ಗಾಂವಿ ತಾಲ್ಲೂಕಿನ ದುಂಡಸಿ ಹೋಬಳಿಯ ವರ್ತಕನು ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಮೊದಲು ಹೆದ್ದಾರಿಗೆ ಬಂದು, ಅಲ್ಲಿಂದ ಹುಬ್ಬಳ್ಳಿಯನ್ನೋ ಹಾವೇರಿಯನ್ನೋ ಸೇರಬೇಕು. ಹುಬ್ಬಳ್ಳಿಯಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲಿಯೇ ಅತಿ ಉದ್ದದ್ದೆಂದು ಹೆಸರಾಗಿದೆ. ಅದೇ ವರ್ಷದ ಜೂನ್ 27ರಂದು ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ಗಾಡಿಯು ಸುಮಾರು 490 ಕಿ.ಮೀ. ದೂರವನ್ನು ಹೆಚ್ಚು ಕಡಿಮೆ ಆರೂವರೆ ಗಂಟೆಗಳಲ್ಲಿ ಕ್ರಮಿಸುತ್ತದೆ. ಜಪಾನಿನಲ್ಲಿ ಟೋಕಿಯೋದಿಂದ ಶಿನ್-ಒಸಾಕಾಕ್ಕೆ ಇರುವ ಅಂತರವೂ ಬಹುತೇಕ ಇಷ್ಟೇ, 515 ಕಿ.ಮೀ. ಅಲ್ಲಿನ ಹಳೆಯ ಮಾರ್ಗದಲ್ಲಿ 1960ರ ಸುಮಾರಿಗೆ ಅತಿ ವೇಗದ ಎಕ್ಸ್‌ಪ್ರೆಸ್ ಗಾಡಿಗೂ ಆರೂವರೆ ಗಂಟೆಯೇ ಹಿಡಿಯುತ್ತಿತ್ತು. ಇಂದು ಅದೇ ದೂರವನ್ನು ಶಿಂಕಾನ್‌ಸೆನ್ ಗಾಡಿಯು ಎರಡೂವರೆ ಗಂಟೆಯೊಳಗೆ ಮುಗಿಸುತ್ತದೆ. ಈ ಒಂದು ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಾಚಾರವೆಲ್ಲ ಸುಲಭವಾಗಿ ತಿಳಿಯುತ್ತದೆ.

ಬೆಂಗಳೂರಿನಿಂದ ಟೋಕಿಯೋದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಸೌಲಭ್ಯ ದೊರೆತ ಮೇಲೆ ಮಧ್ಯ ಕರ್ನಾಟಕದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಜಪಾನ್ ಪ್ರವಾಸವು ನಿಲುಕದ ಮಾತಾಗಿ ಉಳಿದಿಲ್ಲ. ಪ್ರತಿ ಮಾರ್ಚ್‌ನಲ್ಲಿ ಟೋಕಿಯೋದಲ್ಲಿ ನಡೆಯುವ ಫುಡೆಕ್ಸ್ ಆಹಾರ ಮೇಳಕ್ಕೆ ಮಸಾಲೆ ವಹಿವಾಟಿನವರು ಹೋಗುವುದುಂಟು. ಯಂತ್ರಭಾಗ ತಯಾರಕರು ನಾಗೋಯಾ, ಹಮಾಮತ್ಸು ಕಡೆಯ ಕಾರ್ಖಾನೆಗಳನ್ನು ನೋಡಲು ಹೋಗುವುದುಂಟು. ಹೋದವರು ನಾಲ್ಕು ದಿನ ಹೆಚ್ಚಿಗೆ ಉಳಿದು ಕ್ಯೋಟೋ, ಹಿರೋಶಿಮಾ ನೋಡಿಕೊಂಡು ಬರುವುದೂ ಸಹಜ. ಇಂಥವರೆಲ್ಲರ ಮುಂದೆ ಪ್ರವಾಸ ಸಂಸ್ಥೆಯವರು ತಪ್ಪದೇ ಇಡುವ ವಸ್ತುವೆಂದರೆ ಜಪಾನ್ ರೈಲ್ ಪಾಸು. ‘ಪಾಸು ತೆಗೆದುಕೊಂಡರೆ ಬುಲೆಟ್ ರೈಲು ಪುಕ್ಕಟೆ’ ಎಂಬ ಮಾತು ಒಂದು ಕಾಲಕ್ಕೆ ಹೆಚ್ಚು ಕಡಿಮೆ ನಿಜವೂ ಆಗಿತ್ತು. ಈಗ ಅದು ನಿಜವಾಗಿ ಉಳಿದಿದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಈ ಲೇಖನದ ಉದ್ದೇಶ.

ಸಾಲದ ಹಣದಲ್ಲಿ ಕಟ್ಟಿದ ಮಾರ್ಗ

ಶಿಂಕಾನ್‌ಸೆನ್ ಎಂಬ ಪದಕ್ಕೆ ‘ಹೊಸ ಪ್ರಧಾನ ಮಾರ್ಗ’ ಎಂದಷ್ಟೇ ಅರ್ಥ. ಜಪಾನಿನ ಹಳೆಯ ರೈಲು ಮಾರ್ಗಗಳು 1,067 ಮಿ.ಮೀ. ಅಗಲದವು. 1898ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋದಾಗ ಆ ದೇಶದಲ್ಲಿ ಓಡುತ್ತಿದ್ದುದು ಈ ಕಿರಿಯ ಗೇಜಿನ ಉಗಿಬಂಡಿಗಳೇ. ಹುಬ್ಬಳ್ಳಿ–ಹಾವೇರಿ ಭಾಗದ ಹಿರಿಯರಿಗೆ 1990ರ ದಶಕದಲ್ಲಿ ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದ ದಿನಗಳ ನೆನಪಿದೆ. ನಮ್ಮಲ್ಲಿ ಹಳೆಯ ಹಳಿಯನ್ನು ಕಿತ್ತು ಅದೇ ಜಾಗದಲ್ಲಿ ಹೊಸದನ್ನು ಹಾಕಲಾಯಿತು. ಜಪಾನೀಯರು ಹಳೆಯದನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ 1,435 ಮಿ.ಮೀ. ಅಗಲದ ಸಂಪೂರ್ಣ ಪ್ರತ್ಯೇಕ ಮಾರ್ಗವನ್ನು ಕಟ್ಟಿದರು. ಅದರ ಮೇಲೆ ಸರಕು ಗಾಡಿಯಿಲ್ಲ, ಮಂದಗತಿಯ ಪ್ಯಾಸೆಂಜರ್ ಇಲ್ಲ, ಲೆವೆಲ್ ಕ್ರಾಸಿಂಗ್ ಇಲ್ಲ. ವೇಗದ ಗುಟ್ಟು ಇಂಜಿನ್ನಿನಲ್ಲಿ ಎಷ್ಟಿದೆಯೋ ಅಷ್ಟೇ ಈ ಪ್ರತ್ಯೇಕತೆಯಲ್ಲಿಯೂ ಇದೆ.

ಲೆಕ್ಕಪತ್ರದ ದೃಷ್ಟಿಯಿಂದಲೂ ಈ ಯೋಜನೆಯ ಕಥೆ ಸ್ವಾರಸ್ಯಕರವಾಗಿದೆ. 1961ರಲ್ಲಿ ವಿಶ್ವಬ್ಯಾಂಕು ಇದಕ್ಕಾಗಿ 8 ಕೋಟಿ ಡಾಲರ್ ಸಾಲ ನೀಡಿತು. ನಿರ್ಮಾಣ ಮುಗಿಯುವ ಹೊತ್ತಿಗೆ ವೆಚ್ಚವು ಮೂಲ ಅಂದಾಜಿನ ಸುಮಾರು ಎರಡು ಪಟ್ಟಾಗಿತ್ತು. ಅದರ ಹೊಣೆ ಹೊತ್ತು ರೈಲ್ವೆಯ ಅಧ್ಯಕ್ಷ ಶಿಂಜಿ ಸೊಗೋ ಮತ್ತು ಮುಖ್ಯ ಎಂಜಿನಿಯರ್ ಹಿದೆಓ ಶಿಮಾ ಇಬ್ಬರೂ 1963ರಲ್ಲಿಯೇ ಹುದ್ದೆ ಬಿಟ್ಟರು. 1964ರ ಅಕ್ಟೋಬರ್ 1ರಂದು ಮೊದಲ ಗಾಡಿ ಹೊರಟಾಗ ಅವರಿಬ್ಬರೂ ಅಧಿಕಾರದಲ್ಲಿರಲಿಲ್ಲ. ವಿಶ್ವಬ್ಯಾಂಕಿನ ಸಾಲವು 1981ರಲ್ಲಿ ತೀರಿತು. ಆರಂಭದಿಂದ ಇಲ್ಲಿಯವರೆಗೆ ಡಿಕ್ಕಿಯಿಂದಾಗಲಿ ಹಳಿ ತಪ್ಪಿದ್ದರಿಂದಾಗಲಿ ಒಬ್ಬ ಪ್ರಯಾಣಿಕನೂ ಮೃತಪಟ್ಟಿಲ್ಲ.

ಅಂದು ಸಾಲಗಾರನಾಗಿದ್ದ ಜಪಾನ್ ಇಂದು ಸಾಲ ಕೊಡುವ ಸ್ಥಾನದಲ್ಲಿದೆ. 2017ರ ಸೆಪ್ಟೆಂಬರ್ 14ರಂದು ಶಂಕುಸ್ಥಾಪನೆಯಾದ 508 ಕಿ.ಮೀ. ಉದ್ದದ ಮುಂಬಯಿ–ಅಹಮದಾಬಾದ್ ಮಾರ್ಗಕ್ಕೆ ಜಪಾನ್ ಪ್ರಕಟಿಸಿದ ಸಾಲದ ಷರತ್ತುಗಳು ಹೀಗಿದ್ದವು: ಸುಮಾರು ರೂ. 88,000 ಕೋಟಿ, ಬಡ್ಡಿ ಶೇ. 0.1, ಮರುಪಾವತಿ ಅವಧಿ 50 ವರ್ಷ, ಮೊದಲ 15 ವರ್ಷ ಕಂತಿನ ವಿನಾಯಿತಿ. ಸಾಲ ಯೆನ್‌ನಲ್ಲಿರುವುದರಿಂದ ವಿನಿಮಯ ದರದ ಏರಿಳಿತವನ್ನು ಸಾಲಗಾರನೇ ಹೊರಬೇಕೆಂಬುದನ್ನು ಆಮದು ವ್ಯಾಪಾರ ಮಾಡಿ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಪ್ರಯಾಣ, ಎರಡು ಬಾಬತ್ತು

ಶಿಂಕಾನ್‌ಸೆನ್ ಟಿಕೆಟಿನ ಬೆಲೆಯು ಎರಡು ಬಾಬತ್ತುಗಳಿಂದ ಕೂಡಿದೆ. ಮೊದಲನೆಯದು ದೂರಕ್ಕೆ ತಕ್ಕಂತೆ ಇರುವ ಮೂಲ ಪ್ರಯಾಣ ದರ. ಎರಡನೆಯದು ವೇಗದ ಗಾಡಿಯನ್ನು ಬಳಸಿದ್ದಕ್ಕೆ ಕೊಡುವ ಎಕ್ಸ್‌ಪ್ರೆಸ್ ಶುಲ್ಕ. ಆಸನ ಕಾಯ್ದಿರಿಸಿದರೆ ಅದರ ಮೊತ್ತವೂ ಇದರಲ್ಲಿಯೇ ಸೇರುತ್ತದೆ. ಅನೇಕ ವೇಳೆ ಇವೆರಡೂ ಪ್ರತ್ಯೇಕ ಚೀಟಿಗಳಾಗಿ ಕೈಗೆ ಬರುತ್ತವೆ. ಗೇಟಿನ ಯಂತ್ರಕ್ಕೆ ಎರಡನ್ನೂ ಒಟ್ಟಿಗೆ ಹಾಕಬೇಕು, ಆಚೆ ಬದಿಯಲ್ಲಿ ಎರಡನ್ನೂ ಮರೆಯದೆ ತೆಗೆದುಕೊಳ್ಳಬೇಕು. ಒಂದೇ ಚೀಟಿ ಹಾಕಿ ಗೇಟು ತೆರೆಯಲಿಲ್ಲವೆಂದು ಗಾಬರಿಗೊಳ್ಳುವುದು ಹೊಸಬರ ಸಾಮಾನ್ಯ ಅನುಭವ.

ಈ ವಿಂಗಡಣೆಗೆ ವ್ಯಾವಹಾರಿಕ ಪರಿಣಾಮಗಳಿವೆ. ಗಾಡಿಯು ಗಮ್ಯ ನಿಲ್ದಾಣವನ್ನು ಎರಡು ಗಂಟೆ ಅಥವಾ ಅದಕ್ಕೂ ಹೆಚ್ಚು ತಡವಾಗಿ ಸೇರಿದರೆ ಎಕ್ಸ್‌ಪ್ರೆಸ್ ಶುಲ್ಕ ಹಿಂದಕ್ಕೆ ಸಿಗುತ್ತದೆ, ಮೂಲ ದರ ಸಿಗುವುದಿಲ್ಲ. ಪ್ರಯಾಣಿಕನು ಊರು ಮುಟ್ಟಿದ್ದಾನೆ, ವೇಗ ಮಾತ್ರ ದೊರೆತಿಲ್ಲ; ಆದುದರಿಂದ ವೇಗದ ಬಾಬತ್ತು ಮಾತ್ರ ವಾಪಸು. ಇದಕ್ಕಿಂತ ಶುದ್ಧವಾದ ಖಾತೆ ವಿಂಗಡಣೆಯನ್ನು ಕಾಣುವುದು ಕಷ್ಟ. ಪ್ರಯಾಣಿಕನೇ ತಡವಾಗಿ ಬಂದು ಕಾಯ್ದಿರಿಸಿದ ಗಾಡಿ ತಪ್ಪಿಸಿಕೊಂಡರೆ ಆ ಆಸನದ ಹಕ್ಕು ಹೋಗುತ್ತದೆ. ಆದರೆ ಅದೇ ದಿನದ ಮುಂದಿನ ಗಾಡಿಯ ಕಾಯ್ದಿರಿಸದ ಬೋಗಿಯಲ್ಲಿ ಅದೇ ಟಿಕೆಟಿನ ಮೇಲೆ ಹೋಗಬಹುದು. ಆರು ವರ್ಷದಿಂದ ಹನ್ನೊಂದು ವರ್ಷದವರೆಗಿನ ಮಕ್ಕಳಿಗೆ ಅರ್ಧ ದರವಿದೆ. ಟಿಕೆಟಿನ ಬೆಲೆಯಲ್ಲಿ ಶೇ. 10ರ ಬಳಕೆ ತೆರಿಗೆ ಸೇರಿಯೇ ಇರುತ್ತದೆ.

ಟೋಕಿಯೋ–ಒಸಾಕಾ ಮಾರ್ಗದಲ್ಲಿ ಮೂರು ಬಗೆಯ ಗಾಡಿಗಳು ಓಡುತ್ತವೆ. ನೊಝೋಮಿ ಎಂಬುದು ಕೆಲವೇ ದೊಡ್ಡ ನಿಲ್ದಾಣಗಳಲ್ಲಿ ನಿಲ್ಲುತ್ತದೆ. ದಟ್ಟಣೆಯ ವೇಳೆಯಲ್ಲಿ ಒಂದು ದಿಕ್ಕಿಗೆ ಗಂಟೆಗೆ ಹನ್ನೆರಡರವರೆಗೆ ಓಡುತ್ತವೆ, ಅಂದರೆ ಐದು ನಿಮಿಷಕ್ಕೊಂದು. ಹಿಕಾರಿಯು ಇನ್ನಷ್ಟು ಕಡೆ ನಿಲ್ಲುತ್ತದೆ. ಕೊದಾಮಾ ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುತ್ತದೆ. ಕ್ಯೋಟೋಕ್ಕೆ ನೊಝೋಮಿಯಲ್ಲಿ ಸುಮಾರು ಎರಡೂಕಾಲು ಗಂಟೆ, ಹಿಕಾರಿಯಲ್ಲಿ ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸು. ಇಪ್ಪತ್ತೈದು ನಿಮಿಷದ ಈ ವ್ಯತ್ಯಾಸಕ್ಕೆ ಪ್ರವಾಸಿಗರು ಅತಿಯಾದ ಮಹತ್ವ ಕೊಡುವುದುಂಟು. ಸುಝುಕಿಯ ಪ್ರಧಾನ ಕಚೇರಿಯಿರುವ ಹಮಾಮತ್ಸುವಿಗೆ ಹೋಗುವ ಉದ್ದಿಮೆದಾರರು ಗಮನಿಸಬೇಕಾದುದು ಬೇರೆಯೇ ಇದೆ: ನೊಝೋಮಿ ಅಲ್ಲಿ ನಿಲ್ಲುವುದೇ ಇಲ್ಲ. ಹತ್ತಿದ ಮೇಲೆ ತಿಳಿದರೆ ನಾಗೋಯಾದವರೆಗೆ ಹೋಗಿ ಹಿಂದಿರುಗಬೇಕು.

ಪಾಸಿನ ಹಳೆಯ ಲೆಕ್ಕ, ಹೊಸ ಲೆಕ್ಕ

ಜಪಾನ್ ರೈಲ್ ಪಾಸು ಅಲ್ಪಾವಧಿಯ ಸಂದರ್ಶಕರಾಗಿ ಬರುವ ವಿದೇಶಿಯರಿಗೆಂದೇ ಇರುವ ಸೌಲಭ್ಯ. ಕೊಂಡ ದಿನಗಳು ಮುಗಿಯುವವರೆಗೆ ಜೆಆರ್ ಸಮೂಹದ ಗಾಡಿಗಳಲ್ಲಿ ಎಷ್ಟು ಬೇಕಾದರೂ ತಿರುಗಬಹುದು. ಸಾಮಾನ್ಯ ದರ್ಜೆಯ ಏಳು ದಿನಗಳ ಪಾಸಿಗೆ 2023ರ ಸೆಪ್ಟೆಂಬರ್‌ವರೆಗೆ 29,650 ಯೆನ್ ಇತ್ತು. ಆ ವರ್ಷದ ಅಕ್ಟೋಬರ್ 1ರಿಂದ ಅದನ್ನು 50,000 ಯೆನ್‌ಗೆ ಏರಿಸಲಾಯಿತು. ಹದಿನಾಲ್ಕು ದಿನಗಳ ಪಾಸು 47,250ರಿಂದ 80,000ಕ್ಕೂ, ಇಪ್ಪತ್ತೊಂದು ದಿನಗಳ ಪಾಸು 60,450ರಿಂದ 1,00,000ಕ್ಕೂ ಏರಿತು. ಏಳು ದಿನದ ಪಾಸಿನ ಏರಿಕೆ ಶೇ. 68ಕ್ಕೂ ಹೆಚ್ಚು. ಅದಕ್ಕೂ ಮೊದಲು ಪಾಸು ಇದ್ದವರು ನೊಝೋಮಿ ಹತ್ತುವಂತಿರಲಿಲ್ಲ; ಏರಿಕೆಯ ಜೊತೆಗೆ ಪ್ರತ್ಯೇಕ ಪೂರಕ ಟಿಕೆಟು ಕೊಂಡು ಹತ್ತಬಹುದೆಂದಾಯಿತು. ಟೋಕಿಯೋ–ಕ್ಯೋಟೋ ನಡುವೆ ಆ ಪೂರಕ ಶುಲ್ಕ 4,960 ಯೆನ್, ಟೋಕಿಯೋ–ಹಿರೋಶಿಮಾ ನಡುವೆ 6,500 ಯೆನ್ ಎಂದು ನಿಗದಿಯಾಯಿತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ದುಂಡಸಿಯ ಕಡೆಯ ಮೆಣಸಿನಕಾಯಿ ವರ್ತಕನೊಬ್ಬನು ಪತ್ನಿಯೊಂದಿಗೆ ಏಳು ದಿನಗಳ ಪ್ರವಾಸ ಕೈಗೊಳ್ಳುತ್ತಾನೆ. ನರಿತಾದಲ್ಲಿ ಇಳಿದು ಟೋಕಿಯೋ, ಅಲ್ಲಿಂದ ಕ್ಯೋಟೋ, ಕ್ಯೋಟೋದಿಂದ ಹಿರೋಶಿಮಾ, ಹಿರೋಶಿಮಾದಿಂದ ಮರಳಿ ಟೋಕಿಯೋ, ನರಿತಾ. ಒಂದು ಯೆನ್‌ಗೆ 60 ಪೈಸೆ ಎಂದು ಹಿಡಿಯೋಣ. ಕಾಯ್ದಿರಿಸಿದ ಆಸನದ ಬಿಡಿ ಟಿಕೆಟುಗಳಿಗೆ ಟೋಕಿಯೋ–ಕ್ಯೋಟೋ ಸುಮಾರು 14,000, ಕ್ಯೋಟೋ–ಹಿರೋಶಿಮಾ ಸುಮಾರು 12,000, ಹಿರೋಶಿಮಾ–ಟೋಕಿಯೋ ಸುಮಾರು 20,000, ಒಟ್ಟು 46,000 ಯೆನ್. ವಿದೇಶಿಯರಿಗೆ ನೀಡುವ ನರಿತಾ ಎಕ್ಸ್‌ಪ್ರೆಸ್ ಗಾಡಿಯ ಹೋಗಿ-ಬರುವ ಟಿಕೆಟು 5,000 ಯೆನ್. ಎಲ್ಲ ಸೇರಿ 51,000 ಯೆನ್, ಅಂದರೆ ರೂ. 30,600/-. ಪಾಸು 50,000 ಯೆನ್, ಅಂದರೆ ರೂ. 30,000/-.

ಕಾಗದದ ಮೇಲೆ ಪಾಸಿಗೆ ತಲಾ ಆರು ನೂರು ರೂಪಾಯಿ ಲಾಭ ಕಂಡಿತು. ಆದರೆ ಬಿಡಿ ಟಿಕೆಟಿನವನು ನೊಝೋಮಿಯಲ್ಲಿ ಕುಳಿತಿದ್ದಾನೆ, ಪಾಸಿನವನು ಹಿಕಾರಿ ಹಿಡಿದು ಹಿರೋಶಿಮಾ ದಾರಿಯಲ್ಲಿ ನಡುವೆ ಗಾಡಿ ಬದಲಾಯಿಸುತ್ತಿದ್ದಾನೆ. ಅವನೂ ನೊಝೋಮಿಯನ್ನೇ ಬಯಸಿದರೆ ಹೋಗುವಾಗ 4,960, ಬರುವಾಗ 6,500 ಯೆನ್ ಪೂರಕ ಶುಲ್ಕ ತೆತ್ತು ಲಾಭವನ್ನೆಲ್ಲ ಕಳೆದುಕೊಂಡು ಕೈಯಿಂದ ಹಾಕಬೇಕಾಗುತ್ತದೆ. ಇದೂ ಅಲ್ಲದೆ ಪಾಸಿನ ಏಳು ದಿನಗಳು ನಿರಂತರ ದಿನಗಳು. ಇಳಿದ ದಿನ ಚಾಲನೆಗೊಳಿಸಿದರೆ ಟೋಕಿಯೋದಲ್ಲಿ ಮೇಳ ನೋಡುತ್ತ ಕಳೆದ ದಿನಗಳೂ ಅದರಲ್ಲಿ ಕರಗುತ್ತವೆ. ಹಳೆಯ 29,650 ಯೆನ್ ದರದಲ್ಲಿ ಇದೇ ಪ್ರವಾಸಕ್ಕೆ ತಲಾ ಇಪ್ಪತ್ತು ಸಾವಿರ ಯೆನ್‌ಗೂ ಹೆಚ್ಚು ಉಳಿಯುತ್ತಿತ್ತು. ಇಂದಿಗೂ ಪಾಸನ್ನು ಹೊಗಳುವವರು ಆ ಕಾಲದ ಅನುಭವದ ಮೇಲೆ ಹೊಗಳುತ್ತಿದ್ದಾರೆ.

ಮೂರನೆಯ ದಾರಿಯೊಂದಿದೆ. ಜಪಾನಿನ ಪ್ರಾದೇಶಿಕ ರೈಲು ಕಂಪನಿಗಳು ತಮ್ಮ ತಮ್ಮ ಸೀಮೆಗೆ ಬೇರೆ ಪಾಸುಗಳನ್ನು ಮಾರುತ್ತವೆ. 1987ರಲ್ಲಿ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಜೆಆರ್ ಕಂಪನಿಗಳನ್ನಾಗಿ ಮಾಡಿದುದರ ಫಲವಿದು. ಪಶ್ಚಿಮ ಜಪಾನಿನ ‘ಕನ್ಸಾಯ್–ಹಿರೋಶಿಮಾ’ ಪಾಸು ಐದು ದಿನಗಳದು. 2023ರ ಪರಿಷ್ಕರಣೆಯ ಬಳಿಕ ಅದರ ಬೆಲೆ 17,000 ಯೆನ್ ಆಯಿತು. ಶಿನ್-ಒಸಾಕಾದಿಂದ ಹಿರೋಶಿಮಾದವರೆಗೆ ಶಿಂಕಾನ್‌ಸೆನ್, ನೊಝೋಮಿಯೂ ಸೇರಿದಂತೆ, ಇದರಲ್ಲಿ ನಡೆಯುತ್ತದೆ. ಕ್ಯೋಟೋ, ನಾರಾ, ಹಿಮೆಜಿ ಕಡೆಯ ಸಾಮಾನ್ಯ ಗಾಡಿಗಳೂ, ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋಗುವ ಹರುಕಾ ಗಾಡಿಯೂ ಸೇರಿವೆ. ಕ್ಯೋಟೋದಿಂದ ಒಸಾಕಾಕ್ಕೆ ಮಾತ್ರ ಶಿಂಕಾನ್‌ಸೆನ್ ಬಳಸುವಂತಿಲ್ಲ. ಸಾಮಾನ್ಯ ವೇಗದೂತದಲ್ಲಿ ಅರ್ಧ ಗಂಟೆಯ ದಾರಿ ಅದು, ದೊಡ್ಡ ತೊಂದರೆಯಲ್ಲ.

ಈ ಪಾಸನ್ನು ಬಳಸಿ ಟೋಕಿಯೋ–ಕ್ಯೋಟೋ ಎರಡೂ ಕಡೆಗೆ ಬಿಡಿ ಟಿಕೆಟು ಕೊಂಡರೆ 28,000, 17,000 ಮತ್ತು 5,000 ಸೇರಿ ಸರಿಯಾಗಿ 50,000 ಯೆನ್. ರಾಷ್ಟ್ರೀಯ ಪಾಸಿನಷ್ಟೇ ಬೆಲೆ, ಆದರೆ ನೊಝೋಮಿಗೆ ಪೂರಕ ಶುಲ್ಕವಿಲ್ಲ, ಟೋಕಿಯೋದ ದಿನಗಳು ವ್ಯರ್ಥವಾಗುವುದಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನರಿತಾದಲ್ಲಿ ಇಳಿದು ಒಸಾಕಾದಿಂದ ವಿಮಾನ ಹತ್ತುವಂತೆ ಟಿಕೆಟು ಮಾಡಿಸಿದರೆ? ನರಿತಾದಿಂದ ಟೋಕಿಯೋ ಒಂದೇ ಕಡೆಗೆ ಸುಮಾರು 3,000, ಟೋಕಿಯೋ–ಕ್ಯೋಟೋ 14,000, ಪ್ರಾದೇಶಿಕ ಪಾಸು 17,000, ಒಟ್ಟು 34,000 ಯೆನ್. ರಾಷ್ಟ್ರೀಯ ಪಾಸಿಗಿಂತ 16,000 ಯೆನ್ ಅಥವಾ ರೂ. 9,600/- ಕಡಿಮೆ, ದಂಪತಿಗೆ ರೂ. 19,200/- ಉಳಿತಾಯ. ಹಿರೋಶಿಮಾದಿಂದ ಟೋಕಿಯೋಗೆ ಮರಳುವ ಅರ್ಧ ದಿನವೂ ಉಳಿಯಿತು. ಒಸಾಕಾದಿಂದ ಬೆಂಗಳೂರಿಗೆ ನಡುವೆ ಎಲ್ಲಿಯಾದರೂ ವಿಮಾನ ಬದಲಿಸಬೇಕಾಗುವುದರಿಂದ, ವಿಮಾನದ ದರ ಆ 19,200 ರೂಪಾಯಿಯನ್ನು ನುಂಗಿಹಾಕುವುದಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆಯೇ ಈ ದಾರಿ ಹಿಡಿಯಬೇಕು.

ಹಾಗಾದರೆ ಏಳು ದಿನದ ರಾಷ್ಟ್ರೀಯ ಪಾಸು ಯಾರಿಗೆ? ಒಂದೇ ವಾರದಲ್ಲಿ ದಕ್ಷಿಣದ ಹಕಾತಾವನ್ನೂ ಉತ್ತರದ ಸೆಂದಾಯ್, ಅಓಮೋರಿಗಳನ್ನೂ ಮುಟ್ಟಿ ಬರುವವರಿಗೆ ಅದು ಖಂಡಿತ ಲಾಭಕರ. ವಾರದಲ್ಲಿ ಅರ್ಧ ಭಾಗವನ್ನು ಗಾಡಿಯಲ್ಲೇ ಕಳೆಯುವ ಉತ್ಸಾಹ ಅಂಥವರಿಗೆ ಇರಬೇಕಷ್ಟೆ. ಟೋಕಿಯೋದಿಂದ ಕನಝಾವಾ ಮೂಲಕ ಒಸಾಕಾಕ್ಕೆ ಸುತ್ತಿ ಹೋಗುವವರಿಗೆ, ಹೊಕುರಿಕು ಮಾರ್ಗ ತ್ಸುರುಗಾದವರೆಗೆ ವಿಸ್ತರಣೆಗೊಂಡ 2024ರ ಮಾರ್ಚ್‌ನಲ್ಲಿ 30,000 ಯೆನ್ ಎಂದು ನಿಗದಿಯಾದ ಏಳು ದಿನಗಳ ‘ಹೊಕುರಿಕು ಆರ್ಚ್’ ಪಾಸನ್ನೂ ಪರಿಶೀಲಿಸಬಹುದು. ಜೆಆರ್ ಕಂಪನಿಗಳು ದರಗಳನ್ನು ಆಗಾಗ ಬದಲಿಸುತ್ತಿರುವುದರಿಂದ ಕೊಳ್ಳುವ ದಿನದ ದರವನ್ನು ಇಟ್ಟುಕೊಂಡೇ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡತಕ್ಕದ್ದು. ಕ್ರಮ ಇದೇ, ಅಂಕಿ ಬೇರೆ. ಬಿಡಿ ಟಿಕೆಟುಗಳನ್ನು ‘ಸ್ಮಾರ್ಟ್ ಇಎಕ್ಸ್’ ಎಂಬ ಅಧಿಕೃತ ವ್ಯವಸ್ಥೆಯ ಮೂಲಕ ಊರಿನಲ್ಲಿ ಕುಳಿತೇ ಕ್ರೆಡಿಟ್ ಕಾರ್ಡಿನಿಂದ ಕೊಳ್ಳಬಹುದು. ಮುಂಚಿತವಾಗಿ ಕಾಯ್ದಿರಿಸಿದವರಿಗೆ ಕೆಲವು ಗಾಡಿಗಳಲ್ಲಿ ರಿಯಾಯಿತಿಯೂ ಉಂಟು.

ಗಂಟುಮೂಟೆ, ಬುತ್ತಿ, ಮೌನ

ಮಾದರಿ ಸರಕಿನ ದೊಡ್ಡ ಪೆಟ್ಟಿಗೆ ಹೊತ್ತೊಯ್ಯುವ ವರ್ತಕರು 2020ರ ಮೇ 20ರಿಂದ ಜಾರಿಯಲ್ಲಿರುವ ನಿಯಮವೊಂದನ್ನು ತಿಳಿದಿರಬೇಕು. ಟೋಕಿಯೋ–ಒಸಾಕಾ–ಹಕಾತಾ ಮಾರ್ಗದಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದಾಗ 160 ಸೆಂ.ಮೀ. ಮೀರಿದರೆ ಬೋಗಿಯ ಹಿಂಭಾಗದ ಸಾಮಾನು ಸ್ಥಳ ಸಹಿತವಾದ ಆಸನವನ್ನೇ ಕಾಯ್ದಿರಿಸಬೇಕು. ಇದಕ್ಕೆ ಹೆಚ್ಚಿನ ಹಣವಿಲ್ಲ. ಕಾಯ್ದಿರಿಸದೆ ತಂದರೆ 1,000 ಯೆನ್ ಶುಲ್ಕ, 250 ಸೆಂ.ಮೀ. ಮೀರಿದರೆ ಪ್ರವೇಶವೇ ಇಲ್ಲ. ಸೀಟಿನ ಕೆಳಗೆ ನೂಕಿ, ಉಳಿದದ್ದನ್ನು ಹಾದಿಯಲ್ಲಿಟ್ಟು, ಅದರ ಮೇಲೆಯೇ ಕುಳಿತುಕೊಳ್ಳುವ ನಮ್ಮ ರೂಢಿ ಅಲ್ಲಿ ನಡೆಯದು. ರಾಣೇಬೆನ್ನೂರು, ಹಿರೇಕೆರೂರು ಕಡೆಯ ಬೀಜೋತ್ಪಾದಕರಿಗೆ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಬೀಜದ ಮಾದರಿಯನ್ನು ಕೈಚೀಲದಲ್ಲಿ ಒಯ್ದರೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 2018ರ ಅಕ್ಟೋಬರ್‌ನಿಂದ ಪ್ರಯಾಣಿಕರ ಸ್ವಂತ ಸಾಮಾನಿಗೂ ಜಪಾನ್ ಈ ಷರತ್ತನ್ನು ಕಟ್ಟುನಿಟ್ಟಾಗಿ ಅನ್ವಯಿಸುತ್ತಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಗಾಡಿಯನ್ನು ನೆಚ್ಚಿಕೊಳ್ಳುವಂತಿಲ್ಲ. ನೊಝೋಮಿ, ಹಿಕಾರಿಗಳಲ್ಲಿ ಇದ್ದ ತಳ್ಳುಬಂಡಿ ಮಾರಾಟ 2023ರ ಅಕ್ಟೋಬರ್ 31ಕ್ಕೆ ನಿಂತಿತು. ನಿಲ್ದಾಣದಲ್ಲಿ ದೊರೆಯುವ ಬುತ್ತಿಪೆಟ್ಟಿಗೆಗಳು ನೋಡಲು ಅಂದವಾಗಿದ್ದರೂ ತರಕಾರಿಯನ್ನು ಸಹ ಮೀನಿನ ಸಾರಿನಲ್ಲಿ ಬೇಯಿಸಿರುವುದೇ ಹೆಚ್ಚು. ಗಾಡಿಯಲ್ಲಿ ಕುಳಿತು ಉಣ್ಣುವುದಕ್ಕೆ ಅಲ್ಲಿ ಯಾರ ಆಕ್ಷೇಪಣೆಯೂ ಇಲ್ಲ, ಅದು ಅವರದೇ ಪದ್ಧತಿ. ಆದ್ದರಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದ ಹಾವೇರಿ ಸೀಮೆಯವರು ಯಾವ ಸಂಕೋಚವನ್ನೂ ಪಡಬೇಕಾಗಿಲ್ಲ. ಸಂಕೋಚ ಪಡಬೇಕಾದುದು ಫೋನಿನ ಬಗ್ಗೆ. ಆಸನದಲ್ಲಿ ಕುಳಿತು ಗಟ್ಟಿಯಾಗಿ ಅಡತಿ ದರ ವಿಚಾರಿಸುವುದು ಅಸಭ್ಯವೆನಿಸುತ್ತದೆ. ಮಾತನಾಡಲು ಎರಡು ಬೋಗಿಗಳ ನಡುವಿನ ಜಾಗಕ್ಕೆ ಎದ್ದು ಹೋಗಬೇಕು. ಧೂಮಪಾನದ ಕೊಠಡಿಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಲಾಗಿದೆ.

ಟೋಕಿಯೋದಿಂದ ಹೊರಡುವಾಗ ಸಾಮಾನ್ಯ ದರ್ಜೆಯಲ್ಲಿ ‘ಇ’ ಅಕ್ಷರದ ಆಸನ ಕೇಳಿ ಪಡೆದರೆ ಮುಕ್ಕಾಲು ಗಂಟೆಯ ಸುಮಾರಿಗೆ ಬಲಗಡೆ ಫುಜಿ ಪರ್ವತ ಕಾಣುತ್ತದೆ. ಮೋಡವಿಲ್ಲದಿದ್ದರೆ ಮಾತ್ರ. ಇದಕ್ಕೆ ಯಾವ ಪೂರಕ ಶುಲ್ಕವೂ ಇಲ್ಲ.

ವೀಸಾ ಮತ್ತು ತೆರಿಗೆ

2024ರ ಏಪ್ರಿಲ್‌ನಿಂದ ಭಾರತದಲ್ಲಿ ವಾಸಿಸುವ ಭಾರತೀಯರಿಗೆ ಜಪಾನ್ ಇ-ವೀಸಾ ನೀಡುತ್ತಿದೆ. ಇದು ಪ್ರವಾಸದ ಉದ್ದೇಶಕ್ಕೆ ಮಾತ್ರ. ಮೇಳದಲ್ಲಿ ಮಳಿಗೆ ಹಾಕುವ, ವ್ಯವಹಾರ ಮಾತುಕತೆ ನಡೆಸುವ ವರ್ತಕನು ವ್ಯಾಪಾರ ಉದ್ದೇಶದ ಅಲ್ಪಾವಧಿ ವೀಸಾವನ್ನೇ ಪಡೆಯಬೇಕು. ಇ-ವೀಸಾ ಪಡೆದವರು ವಿಮಾನ ನಿಲ್ದಾಣದಲ್ಲಿ ಅದನ್ನು ಮೊಬೈಲಿನಲ್ಲಿ ಅಂತರ್ಜಾಲದ ಮೂಲಕ ತೆರೆದು ತೋರಿಸಬೇಕು. ಪರದೆಯ ಚಿತ್ರ ತೆಗೆದಿಟ್ಟುಕೊಂಡದ್ದನ್ನಾಗಲಿ ಮುದ್ರಿತ ಪ್ರತಿಯನ್ನಾಗಲಿ ಒಪ್ಪುವುದಿಲ್ಲ.

ತೆರಿಗೆಯ ವಿಷಯದಲ್ಲಿ ವರ್ತಕರಲ್ಲಿ ಹೆಚ್ಚು ಗೊಂದಲವಿರುವುದು ಮೂಲದಲ್ಲಿ ಸಂಗ್ರಹಿಸುವ ತೆರಿಗೆ ಅಥವಾ ಟಿಸಿಎಸ್ ಬಗ್ಗೆ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ 2023ರ ಅಕ್ಟೋಬರ್ 1ರಿಂದ ಏಳು ಲಕ್ಷ ರೂಪಾಯಿವರೆಗೆ ಶೇ. 5, ಅದರ ಮೇಲೆ ಶೇ. 20 ಸಂಗ್ರಹಿಸಲಾಗುತ್ತಿತ್ತು, 2025ರ ಏಪ್ರಿಲ್‌ನಿಂದ ಆ ಮಿತಿ ಹತ್ತು ಲಕ್ಷವಾಯಿತು, 2026ರ ಕೇಂದ್ರ ಆಯವ್ಯಯದಲ್ಲಿ ಮೊತ್ತದ ಭೇದವಿಲ್ಲದೆ ಶೇ. 2ಕ್ಕೆ ಇಳಿಸುವುದಾಗಿ ಪ್ರಕಟಿಸಲಾಯಿತು. ಇದು ಖರ್ಚಲ್ಲ, ಮುಂಗಡ. ಯಾರ ಪಾನ್ ಸಂಖ್ಯೆಯ ಮೇಲೆ ಸಂಗ್ರಹವಾಗಿದೆಯೋ ಅವರ ವಾರ್ಷಿಕ ತೆರಿಗೆಯಲ್ಲಿ ಅದು ವಜಾ ಆಗುತ್ತದೆ. ಇದನ್ನು ಮರೆತು ಪ್ರವಾಸ ವೆಚ್ಚದ ಖಾತೆಗೆ ಬರೆದುಹಾಕುವವರು ತಮ್ಮ ಹಣವನ್ನು ತಾವೇ ಬಿಟ್ಟುಕೊಟ್ಟಂತೆ. ಪತ್ನಿಯ ಪಾನ್ ಮೇಲೆ ಸಂಗ್ರಹವಾದದ್ದನ್ನು ಪತಿಯು ತನ್ನ ಲೆಕ್ಕದಲ್ಲಿ ಕೇಳುವುದೂ ಪದೇ ಪದೇ ಕಾಣುವ ತಪ್ಪು. ವಿಮಾನ ಟಿಕೆಟು, ಹೋಟೆಲ್ ವಾಸ, ಇತರ ವೆಚ್ಚ ಇವುಗಳಲ್ಲಿ ಕನಿಷ್ಠ ಎರಡು ಸೇರಿದಾಗ ಮಾತ್ರ ಪ್ಯಾಕೇಜು ಎನಿಸುತ್ತದೆಂದು ನೇರ ತೆರಿಗೆ ಮಂಡಳಿ 2023ರ ಜೂನ್‌ನಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ರೈಲ್ ಪಾಸನ್ನೋ ಟಿಕೆಟನ್ನೋ ಮಾತ್ರ ಪ್ರತ್ಯೇಕವಾಗಿ ಕೊಂಡರೆ ಅದು ಪ್ಯಾಕೇಜು ಆಗುವುದಿಲ್ಲ. ಆದರೆ ಕಾರ್ಡಿನಲ್ಲಿ ವಿದೇಶಿ ಹಣ ಪಾವತಿಸಿದಾಗ ಬ್ಯಾಂಕು ಹಾಕುವ ವಿನಿಮಯ ಶುಲ್ಕವನ್ನು ಮೇಲಿನ ಹೋಲಿಕೆಗೆ ಕೂಡಿಸಿಕೊಳ್ಳಬೇಕು.

ಇನ್ನು ವ್ಯಾಪಾರ ವೆಚ್ಚದ ಪ್ರಶ್ನೆ. ವ್ಯಾಪಾರಕ್ಕಾಗಿಯೇ ಸಂಪೂರ್ಣವಾಗಿ ಹಾಗೂ ಪ್ರತ್ಯೇಕವಾಗಿ ಮಾಡಿದ ಖರ್ಚನ್ನು ಮಾತ್ರ ಆದಾಯದಿಂದ ಕಳೆಯಬಹುದು. ಮೇಲಿನ ಉದಾಹರಣೆಯ ವರ್ತಕನು ಮೇಳದ ಎರಡು ದಿನಗಳ ವಾಸ್ತವ್ಯ ವೆಚ್ಚವನ್ನು ಧೈರ್ಯವಾಗಿ ತೋರಿಸಬಹುದು. ಕ್ಯೋಟೋ, ಹಿರೋಶಿಮಾ ಸುತ್ತಿದ ರೈಲು ಖರ್ಚು ಅವನ ಸ್ವಂತದ್ದು. ಪತ್ನಿಯ ಖರ್ಚು, ಆಕೆ ಸಂಸ್ಥೆಯ ಪಾಲುದಾರಳಾಗಿ ವ್ಯವಹಾರಕ್ಕೆಂದೇ ಹೋಗಿದ್ದರ ಹೊರತು, ಪೂರ್ತಿ ಸ್ವಂತದ್ದು. ಅದೇ ವರ್ತಕನು ಒಸಾಕಾದ ಖರೀದಿದಾರನೊಬ್ಬನನ್ನು ಕಾಣಲು ಟೋಕಿಯೋದಿಂದ ಹೋಗಿದ್ದರೆ ಆ ಟಿಕೆಟು ವ್ಯಾಪಾರದ್ದು. ಇಲ್ಲಿ ಬಿಡಿ ಟಿಕೆಟಿಗೆ ಇನ್ನೊಂದು ಅನುಕೂಲ ಕಾಣುತ್ತದೆ. ಪ್ರತಿ ಪ್ರಯಾಣಕ್ಕೂ ಪ್ರತ್ಯೇಕ ಬೆಲೆಯಿರುವುದರಿಂದ ವ್ಯಾಪಾರದ್ದೆಷ್ಟು, ವಿಹಾರದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭ. 50,000 ಯೆನ್‌ನ ಒಂದೇ ಪಾಸನ್ನು ಅಧಿಕಾರಿಯ ಮುಂದಿಟ್ಟು ಇದರಲ್ಲಿ ಇಷ್ಟು ಭಾಗ ವ್ಯಾಪಾರದ್ದು ಎಂದು ವಾದಿಸುವುದು ಅಷ್ಟು ಸುಲಭವಲ್ಲ.

ಕೊನೆಯದಾಗಿ ವೋಚರ್ ವಿಷಯ. ಶಿಂಕಾನ್‌ಸೆನ್ ಪ್ರಯಾಣ ಮುಗಿಸಿ ಹೊರಬರುವಾಗ ಗೇಟಿನ ಯಂತ್ರವು ಟಿಕೆಟನ್ನು ನುಂಗಿ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಊರಿಗೆ ಬಂದ ವರ್ತಕನ ಜೇಬಿನಲ್ಲಿ ಇಪ್ಪತ್ತು ಸಾವಿರ ಯೆನ್ ಖರ್ಚಾದ ನೆನಪಿರುತ್ತದೆಯೇ ಹೊರತು ಒಂದು ಚೂರು ಕಾಗದವೂ ಇರುವುದಿಲ್ಲ. ಟಿಕೆಟು ಕೊಳ್ಳುವಾಗಲೇ ಯಂತ್ರದಲ್ಲಿ ರಶೀದಿಯ ಗುಂಡಿ ಒತ್ತಬೇಕು. ಕೌಂಟರಿನಲ್ಲಾದರೆ ‘ರ್ಯೋಶೂಶೋ’ ಎಂದು ಕೇಳಿದರೆ ಸಾಕು, ರಶೀದಿ ಬರೆದುಕೊಡುತ್ತಾರೆ. ಸ್ಮಾರ್ಟ್ ಇಎಕ್ಸ್‌ನಲ್ಲಿ ಕೊಂಡವರು ಅದರ ರಶೀದಿಯನ್ನು ಅಂತರ್ಜಾಲದಲ್ಲಿಯೇ ತೆಗೆದುಕೊಳ್ಳಬಹುದು. ರಶೀದಿಯ ಹಿಂಬದಿಯಲ್ಲಿ ಆ ದಿನದ ವಿನಿಮಯ ದರವನ್ನೂ ಭೇಟಿಯಾದವರ ಹೆಸರನ್ನೂ ಅಂದೇ ಬರೆದಿಡಬೇಕು. ಉಷ್ಣ ಕಾಗದದ ಮೇಲೆ ಮುದ್ರಿತವಾದ ರಶೀದಿಗಳ ಅಕ್ಷರ ಆರು ತಿಂಗಳೊಳಗೆ ಮಾಸುವುದುಂಟಾದ್ದರಿಂದ ಅವುಗಳ ನಕಲು ಪ್ರತಿಯನ್ನು ಮೂಲದ ಜೊತೆಗೇ ಫೈಲಿಗೆ ಹಾಕಿಡುವುದು ಉಚಿತ.